ಎಡಗೈ ಮೇಲಿನ ಉಸುಕು

ಚಿಂತೆ ಮಾಡುವುದರಲ್ಲಿ ನಾನು ಪಳಗಿದವಳು. ಮಾನ್ವಿಯಲ್ಲಿ ಬಸ್ ಹತ್ತಿದರೆ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬುದು ಮೊದಲ ಚಿಂತೆ. ಮಾಡಿದ್ದು ನೆನಪಾದರೆ, ಹಾಗಾದರೆ ಬೇರೆ ಏನನ್ನೋ ಮರೆತಿರಬೇಕು ಎಂಬುದು ಎರಡನೆಯದು. ಹೈಸ್ಕೂಲಿನಲ್ಲಿ ಆಟದ ಟೀಚರ್ ನಾನು. ಹುಡುಗಿಯರು ಖೊಖೊ ಆಡುವಾಗ ಅವರು ಬೀಳುವ ಮೊದಲೇ ನಾನು ಅರಿಷಿಣ ಹುಡುಕುತ್ತಿರುತ್ತೇನೆ. ಇಂಥ ನಾನು, ಎಡ ಮುಂಗೈ ಮೇಲೆ ಎರಡು ವರ್ಷದಿಂದ ಇದ್ದ ಒರಟು ಚುಕ್ಕೆಗಳ ಬಗ್ಗೆ ಮಾತ್ರ ಒಂದು ದಿನವೂ ತಲೆ ಕೆಡಿಸಿಕೊಂಡಿರಲಿಲ್ಲ. ಚರ್ಮ ಒಣಗಿದೆ ಅಂದುಕೊಂಡು ಹಿಮ್ಮಡಿ ತಿಕ್ಕುವ ಕಲ್ಲಿನಿಂದಲೇ ತಿಕ್ಕುತ್ತಿದ್ದೆ. ಎರಡು ದಿನ ನುಣುಪು, ಮೂರನೇ ದಿನ ಮತ್ತೆ ಹಾಜರು.

ಅದನ್ನು ಕಂಡುಹಿಡಿದವಳು ದೇವದುರ್ಗದಲ್ಲಿರುವ ನನ್ನ ಅವ್ವ. ಅವಳ ಕಣ್ಣು ಮಂಜಾಗಿ ಎಷ್ಟೋ ವರ್ಷವಾಯಿತು. ಜೋಳ ಹಸನು ಮಾಡುವುದು ಬೆರಳಿನಿಂದಲೇ. ಒಂದು ಭಾನುವಾರ ನನ್ನ ಕೈ ಹಿಡಿದು ಏಳುವಾಗ ಅಲ್ಲೇ ನಿಂತಳು.

“ಏನಬೇ, ಕೈಗೆ ಉಸುಕು ಹತ್ತೇದ. ತೊಳಕೊಂಡು ಬಾ.”

“ತೊಳದೀನವ್ವಾ. ಅದು ಹಂಗ ಅದ.”

“ಹಂಗ ಅದ ಅಂದ್ರ? ಜೋಳದಾಗ ಹಳ್ಳು ಇದ್ರೂ ಹಂಗ ಅದ ಅಂತ ರೊಟ್ಟಿ ಬಡೀತೀಯೇನ?”

ಆ ಕೈಗೊಂದು ಇತಿಹಾಸವಿದೆ. ನನಗೆ ಹದಿಮೂರು ತುಂಬುವಾಗ ಅದರ ಮೇಲೆ ತೊನ್ನು ಕಾಣಿಸಿತು. ತೊನ್ನಿನ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಅವ್ವನಿಗೆ ಚಿಂತೆ. ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳಿಗೆ ಬರುವ ಆಸ್ತಿ ಚಿಂತೆಯೊಂದೇ. ಭತ್ತದ ನಾಟಿಗೆ ಹೋದಲ್ಲಿ ಯಾರೋ ಹೇಳಿದರಂತೆ: ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂಡಿಸು, ಬಣ್ಣ ತಿರುಗಿ ಬರುತ್ತದೆ. ನಮ್ಮ ಕಡೆ ಬಿಸಿಲಿಗೇನು ಬರಗಾಲ? ಅರ್ಧ ಔಷಧ ಪುಕ್ಕಟೆ ಸಿಕ್ಕಂತಾಯಿತು. ಎಂಟು ವರ್ಷ, ಸೂಟಿ ಇದ್ದ ದಿನವೆಲ್ಲ, ಮಾಳಿಗೆ ಮೇಲೆ ಕೈ ಚಾಚಿ ಕೂತೆ. ಗುಳ್ಳೆ ಎದ್ದರೆ ಅವ್ವ “ಔಷಧ ಹಿಡಿಯಾಕತ್ತೇದ” ಎಂದು ಹಿಗ್ಗುತ್ತಿದ್ದಳು. ಬಣ್ಣ ಅಲ್ಲಲ್ಲಿ ಚುಕ್ಕೆಯಾಗಿ ಬಂದು, ನೆಂಟರ ಹಾಗೆ ಹೊರಟುಹೋಯಿತು. ಕೊನೆಗೆ ಮಾಡಿಕೊಂಡವರು ಹೊಸ ಸೀರೆ ಉಟ್ಟರೂ ಗಮನಿಸದ ಮನುಷ್ಯ. ತೊನ್ನನ್ನು ಇನ್ನೆಲ್ಲಿ ನೋಡುತ್ತಾರೆ.

ಆ ಭಾನುವಾರದ ಮೇಲೆ ಅವ್ವ ಬಿಡಲಿಲ್ಲ. ರಾಯಚೂರಿನ ಚರ್ಮದ ಡಾಕ್ಟರ ಹತ್ತಿರ ತಾನೇ ನನ್ನನ್ನು ಎಳೆದುಕೊಂಡು ಹೋದಳು. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಇದಕ್ಕ ಆಕ್ಟಿನಿಕ್ ಕೆರಟೋಸಿಸ್ ಅಂತೀವ್ರಿ. ವರ್ಷಾನುಗಟ್ಟಲೆ ಬಿಸಿಲು ಬಿದ್ದು ಚರ್ಮ ಕೆಟ್ಟದ. ಕ್ಯಾನ್ಸರ್ ಅಲ್ಲ.”

ಬೇರೆಯವರಾದರೆ ಅಷ್ಟಕ್ಕೇ ಕೈ ಮುಗಿದು ಏಳುತ್ತಿದ್ದರು. ನಾನು, “ಆದ್ರ?” ಎಂದೆ.

“ಆದ್ರ, ಹಂಗ ಬಿಟ್ರ ಒಂದೆರಡು ಕ್ಯಾನ್ಸರ್ ಕಡೆ ಹೊಳ್ಳಬಹುದು. ಯಾವುದು ಹೊಳ್ಳತದ ಅಂತ ಮೊದಲ ಹೇಳಾಕ ಬರಂಗಿಲ್ಲ. ಅದಕ್ಕ ಎಲ್ಲಾ ತಗೀತೀವಿ. ನಮ್ಮ ಬಣ್ಣದ ಮಂದಿಗೆ ಇದು ಅಪರೂಪ. ನಿಮಗ ಬಣ್ಣ ಹೋದ ಜಾಗದಾಗ ಆಗ್ಯದ.” ಮಣಿಕಟ್ಟಿನ ಹತ್ತಿರ ದಪ್ಪಗಿದ್ದ ಒಂದನ್ನು ಒತ್ತಿದರು, ನೋವಾಯಿತು. “ಇದರದೊಂದು ತುಣುಕು ಪರೀಕ್ಷೆಗೆ ಕಳಸೋಣ.”

ಬಾವಂಚಿಯ ಕಥೆ ಹೇಳಿದೆ. ಅವರು ನಗಲಿಲ್ಲ.

“ಬೀಜ ಸುಳ್ಳಲ್ರೀ. ನಾವೂ ಅಂಥದ್ದಽ ಔಷಧ ಕೊಟ್ಟು ಮಷೀನಿನ ಬೆಳಕಿಗೆ ನಿಲ್ಲಸ್ತೀವಿ, ಆದ್ರ ಅಳದು ನಿಲ್ಲಸ್ತೀವಿ. ಪಾಪ, ಅವ್ವಗ ಬಿಸಿಲು ಅಳೆಯಾಕ ಏನಿತ್ತು?”

ಅವ್ವ ಪಕ್ಕದಲ್ಲೇ ಕೂತಿದ್ದಳು. ಎಲ್ಲ ಕೇಳಿಸಿಕೊಂಡಳು. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಮಾತು: “ನಾನಽ ಸುಟ್ಟೆ ನಿನ್ನ.”

“ನೀ ಎಲ್ಲಿ ಸುಟ್ಟಿ? ಬಿಸಿಲು ಸುಟ್ಟತು.”

“ಬಿಸಿಲಿಗೆ ಕೂಡಿಸಿದಾಕಿ ಯಾರು?”

ಅಂದಿನಿಂದ ಅವ್ವ ನನ್ನನ್ನು ಬೈಯುವುದು ನಿಲ್ಲಿಸಿದಳು. ಹುಟ್ಟಿದಾಗಿನಿಂದ ಅವಳ ಬೈಗುಳದಲ್ಲೇ ಬೆಳೆದವಳು ನಾನು. ಈಗ ಫೋನ್ ಮಾಡಿದರೆ, “ಉಂಡೀಯೇನವ್ವಾ? ಆರಾಮ ಅದೀಯೇನವ್ವಾ?” ಎಂದು ಬೀಗರನ್ನು ಮಾತನಾಡಿಸಿದ ಹಾಗೆ. ನನಗೆ ಅದೇ ಹೆಚ್ಚು ಹೆದರಿಕೆ. ವರದಿ ಕೆಟ್ಟದ್ದು ಬಂದರೆ ನನಗಾದರೂ ಮುಂದೆ ಆಪರೇಷನ್ ಎಂಬುದೊಂದಿದೆ. ಅವಳಿಗೆ ಯಾವ ಚಿಕಿತ್ಸೆ?

ಹತ್ತು ದಿನ ಕಾಯಬೇಕಿತ್ತು. ಆ ಹತ್ತು ದಿನದಲ್ಲಿ ಗ್ಯಾಸಿನ ಪುಸ್ತಕ ಎಲ್ಲಿದೆ, ಯಾವ ಸೀರೆ ಯಾರಿಗೆ ಎಂದೆಲ್ಲ ಯಜಮಾನರಿಗೆ ಹೇಳಿ ಮುಗಿಸಿದೆ. ಅವರು ಪೇಪರಿನಿಂದ ತಲೆ ಎತ್ತದೆ, “ತುಣುಕು ಕೈಯಾಗಿಂದು ತಗದಾರ. ನಾಲಿಗಿದು ತಗೀಬೇಕಿತ್ತು” ಎಂದರು.

ವರದಿ ಬಂತು. “ಕ್ಯಾನ್ಸರ್ ಇಲ್ಲ,” ಎಂದರು ಡಾಕ್ಟರು. “ಬಾಗಿಲ ತನಕ ಬಂದಿತ್ತು. ಒಳಗ ಹೋಗಿಲ್ಲ.” ನಾನು ಮೂರು ಸಲ ಕೇಳಿದೆ, ಮೂರು ಸಲವೂ ಅದನ್ನೇ ಹೇಳಿದರು. ಆಮೇಲೆ ಆ ದಪ್ಪ ಚುಕ್ಕೆಗೆ ಮಂಜುಗಡ್ಡೆಗಿಂತ ತಣ್ಣಗಿನ ದ್ರವ ಸಾರಜನಕ ಊದಿದರು. ಹೊರಗೆ ಮೇ ತಿಂಗಳ ಬಿಸಿಲು. ಅಂಥ ದಿನ ರಾಯಚೂರಿನಲ್ಲಿ ತಂಪಿನಿಂದ ಗುಳ್ಳೆ ಎಬ್ಬಿಸಿಕೊಂಡ ಹೆಂಗಸು ನಾನೊಬ್ಬಳೇ ಇರಬೇಕು.

ಉಳಿದವಕ್ಕೆ ಮೂರು ವಾರ ಮುಲಾಮು. ಅದರ ಗುಣವೇ ಹಾಗೆ: ವಾಸಿ ಮಾಡುವ ಮೊದಲು ಕೆಂಪಗೆ ಕೆರಳಿಸಿ ಹಕ್ಕಳೆ ಕಟ್ಟಿಸುತ್ತದೆ. ಡಾಕ್ಟರು ಮುಂಚೆಯೇ ಹೇಳಿದ್ದರು. ಆದರೂ ದಿನಾ ಕೈಯ ಫೋಟೊ ಕಳಿಸಿ ಅವರ ಪ್ರಾಣ ತಿಂದೆ. ಅವ್ವ ಮಾತ್ರ ಆ ಹಕ್ಕಳೆ ಮುಟ್ಟಿ ನೋಡಿ ಕ್ಯಾನ್ಸರ್ ಇಲ್ಲ ಎಂಬುದನ್ನೇ ನಂಬಲಿಲ್ಲ. “ನನ್ನ ಸಮಾಧಾನಕ್ಕ ಹೇಳ್ತೀರಿ” ಎಂದು ಇನ್ನಷ್ಟು ಮೆತ್ತಗಾದಳು.

ಹಕ್ಕಳೆ ಉದುರಿ ಹೊಸ ಚರ್ಮ ಬಂದ ಮೇಲೆ ಅವಳನ್ನೂ ಕರೆದುಕೊಂಡು ಹೋದೆ. ಅವ್ವ ಡಾಕ್ಟರ ಮೇಜಿನ ಅಂಚು ಹಿಡಿದು ಬಗ್ಗಿದಳು. “ನನ್ನ ಮಾರಿ ನೋಡಿ ಹೇಳ್ರಿ, ಯವ್ವಾ. ನನ್ನ ಮಗಳ ಕೈ ಏನಾಗ್ಯದ?”

“ಚೊಲೊ ಆಗ್ಯದ. ಆರು ತಿಂಗಳಿಗೊಮ್ಮೆ ತೋರಿಸ್ಕೊಂತ ಇರ್ಬೇಕು, ಬಿಸಿಲಿಗೆ ಕೈ ಮುಚ್ಚಬೇಕು, ಅಷ್ಟ. ಲಗೂ ಬಂದಿದ್ದಕ್ಕ ಇಷ್ಟರಾಗ ಮುಗೀತು. ಕರಕೊಂಡು ಬಂದಾಕಿ ನೀವಽ ಅಲ್ಲೇನ್ರಿ?”

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. ಬಸ್ ಸ್ಟ್ಯಾಂಡಿನವರೆಗೂ ನನ್ನ ಕೈ ಹಿಡಿದೇ ನಡೆದಳು. ಸೀಟು ಹಿಡಿದು ಕೂತು, ನಾನು ಸೆಖೆಗೆ ರವಿಕೆಯ ಉದ್ದ ತೋಳು ಮೇಲೇರಿಸಿದೆ ನೋಡಿ, ಶುರುವಾಯಿತು.

“ಇಳಸಬೇ ತೋಳು. ಈಗಿನ್ನ ಹೇಳಿ ಕಳಸ್ಯಾರ, ಕಿವಿ ಏನು ಮಾನ್ವಿಯಾಗ ಇಟ್ಟು ಬಂದೀಯೇನ? ಕಿಡಕಿ ಕಡಿ ಕುಂತೀಯಲ್ಲ, ಬಿಸಿಲೇನು ನಿಮ್ಮ ಕಾಕಾನ ಮಗನೇನ? ಎರಡು ವರ್ಷ ಕಲ್ಲಿಲೆ ತಿಕ್ಕ್ಯಾಳಂತ, ಟೀಚರಂತ, ಮಂದಿಗೆ ಪಾಠ ಹೇಳ್ತಾಳಂತ.”

ಮುಂದಿನ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರ್ ಟಿಕೆಟ್ ಕೊಡಲು ಬಂದು, ಮಾತಿನ ನಡುವೆ ಸಂದಿ ಸಿಗದೆ ಕಾದ. ನಾನು ತೋಳು ಇಳಿಸಿ, ಸೀಟು ಬದಲಿಸಿ, ಕಪ್ ಗೆದ್ದ ತಂಡದ ನಾಯಕಿಯ ಹಾಗೆ ನೆಟ್ಟಗೆ ಕೂತೆ. ದೇವದುರ್ಗದ ದಾರಿಯಲ್ಲಿ ಗಬ್ಬೂರು ದಾಟಿದರೂ ಅವ್ವ ಬೈಯುತ್ತಲೇ ಇದ್ದಳು.