ಕ್ಯಾಲೆಂಡರಿನ ಮೊಳೆಯ ಟಿಕೀಟು

ನಮ್ಮ ರಂಗಮಂದಿರದಲ್ಲಿ ಕುರ್ಚಿಗಳು ಖಾಲಿ ಉಳಿಯತೊಡಗಿ ಕೆಲವು ವರ್ಷಗಳಾದವು. ಧಾರವಾಡದ ಹಳೆಯ ಕಟ್ಟಡ ಅದು. ಹಂಚಿನ ಮಾಡು, ಕೂತರೆ ಕಿರ್ರೆನ್ನುವ ಮರದ ಕುರ್ಚಿಗಳು, ಮೂರನೆಯ ಗಂಟೆ ಬಾರಿಸಿದ ಮೇಲೆ ಮುಚ್ಚುವ ದೊಡ್ಡ ಬಾಗಿಲು. ಹಗಲು ನಾನು ಸಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ನಾಟಕವಿದ್ದ ಸಂಜೆ ಅಲ್ಲಿ ಪಾತ್ರಧಾರಿಗಳಿಗೆ ಸೀರೆ ಉಡಿಸುತ್ತೇನೆ, ಪೇಟ ಸುತ್ತುತ್ತೇನೆ.

ಈಚೆಗೆ ನಮ್ಮ ತಂಡದವರು ಒಂದು ಯೋಜನೆ ಹಾಕಿದರು. ಮಂದಿ ನಾಟಕಕ್ಕೆ ಬರದಿದ್ದರೆ ನಾಟಕವೇ ಮಂದಿಯ ಬಳಿಗೆ ಹೋಗಲಿ, ಬಯಲಿನಲ್ಲಿ ಪುಕ್ಕಟೆ ಆಡೋಣ, ರುಚಿ ಹತ್ತಿದವರು ಟಿಕೀಟು ಕೊಂಡು ಮಂದಿರಕ್ಕೆ ಬರುತ್ತಾರೆ ಎಂಬುದು ಅದರ ಲೆಕ್ಕಾಚಾರ. ಮೊದಲ ಪ್ರಯೋಗ ಹುಬ್ಬಳ್ಳಿಯ ಗೋಕುಲ ರಸ್ತೆಯ ಹಿಂದಿನ ಒಂದು ಕಾಲನಿಯ ಬಯಲಿನಲ್ಲಿ ಎಂದಾಯಿತು. ನಿರ್ದೇಶಕರು ನನ್ನ ಕಡೆ ತಿರುಗಿದರು.

"ಅಕ್ಕಾರ, ಅಲ್ಲೇ ನಿಮ್ಮ ವೈನ್ಯಾರ ಮನಿ ಐತೆಲ್ಲಾ. ಅವತ್ತ ನೀವು ಪರದೆ ಹಿಂದ ಬರಬ್ಯಾಡ್ರಿ. ಮಂದ್ಯಾಗ ಕುಂತು ನೋಡ್ರಿ. ಇದು ನಡೀತೈತೋ ಇಲ್ಲೋ ಬಂದು ಹೇಳ್ರಿ."

ನಾನು ಕೂಡಲೇ ಹೂಂ ಅಂದೆ. ಯೋಜನೆಯನ್ನು ಅಳೆಯುವ ಆಸೆಯಿಂದಲ್ಲ. ವೈನಿಯ ಪಕ್ಕ ಕೂತು ಇನ್ನೊಮ್ಮೆ ನಾಟಕ ನೋಡುವ ಆಸೆಯಿಂದ.

ವೈನಿ ಎಂದರೆ ನಮ್ಮಣ್ಣನ ಹೆಂಡತಿ. ಅಣ್ಣ ಇದ್ದಾಗ ಹೊಸ ನಾಟಕ ಬಂತೆಂದರೆ ಸಾಕು, ಸ್ಕೂಟರಿನ ಮೇಲೆ ಬಂದು ಎರಡು ಟಿಕೀಟು ಒಯ್ಯುತ್ತಿದ್ದ. ನಾಟಕದ ದಿನ ಪಾತ್ರಧಾರಿಗಳನ್ನು ಸಿಂಗರಿಸಿ ಮುಗಿಸಿದೊಡನೆ ನಾನು ಓಡಿಬಂದು ಅವರ ಪಕ್ಕದ ಕುರ್ಚಿಯಲ್ಲಿ ಕೂಡುತ್ತಿದ್ದೆ. ವೈನಿಗೆ ಒಂದು ಗುಣ. ನಗೆಯ ಮಾತು ಬರುವ ಮೊದಲೇ ಆಕೆಗೆ ಅದರ ವಾಸನೆ ಹತ್ತುತ್ತದೆ. ಎಲ್ಲರಿಗಿಂತ ಒಂದು ಕ್ಷಣ ಮುಂಚೆ ನಗುತ್ತಾಳೆ, ಅದೂ ಬಾಯಿಗೆ ಸೆರಗು ಹಿಡಿಯದೆ. ಆ ನಗೆಯ ಬೆನ್ನಿಗೆ ಇಡೀ ಮಂದಿರ ನಗುತ್ತಿತ್ತು. "ವೈನ್ಯಾರು ಬಂದಾರಂದ್ರ ನಮಗ ಅರ್ಧಾ ಕೆಲಸ ಕಮ್ಮಿ ನೋಡ್ರಿ" ಎಂದು ಗೌಡನ ಪಾತ್ರ ಮಾಡುವ ಹಿರಿಯ ನಟ ಹೇಳುತ್ತಿದ್ದರು. ಅಣ್ಣ ತೀರಿಹೋದ ಮೇಲೆ ವೈನಿ ನಾಟಕಕ್ಕೆ ಬರಲಿಲ್ಲ. ನಾನು ಫೋನಿನಲ್ಲಿ ಕರೆದಾಗಲೆಲ್ಲ "ಆತು, ನೋಡೂಣು" ಅನ್ನುತ್ತಾಳೆ. ಅಲ್ಲಿಗೆ ಮುಗಿಯುತ್ತದೆ. ಪರದೆಯ ಹಿಂದೆ ನಿಂತಾಗ ನನ್ನ ಕಿವಿ ಈಗಲೂ ಆ ಮುಂಚಿನ ನಗೆಯನ್ನೇ ಕಾಯುತ್ತಿರುತ್ತದೆ.

ಬಯಲಿನ ನಾಟಕದ ಸಂಜೆ ನಾನು ಹೊತ್ತಿಗೆ ಮುಂಚೆಯೇ ಹೋದೆ. ಕಂಬಗಳಿಗೆ ದೀಪ ಕಟ್ಟಿದ್ದರು. ಹೆಣ್ಣುಮಕ್ಕಳು ಚಾಪೆ ತಂದು ಹಾಸಿದರು, ಗಂಡಸರು ನಿಲ್ಲಿಸಿದ ಗಾಡಿಗಳ ಮೇಲೆಯೇ ಕೂತರು. ಮಂಡಕ್ಕಿಯ ಗಿರಮಿಟ್ಟು ಮಾರುವವನೂ ಬಂಡಿ ತಂದು ನಿಲ್ಲಿಸಿದ. ವೈನಿಯ ಮನೆ ಬಯಲಿನ ಎದುರಿಗೇ. ಆಕೆ ಗೇಟಿನ ಒಳಗೆ ಒಂದು ಕುರ್ಚಿ ಹಾಕಿಕೊಂಡು, ನೈಟಿಯ ಮೇಲೆ ಟವೆಲ್ಲು ಹೊದ್ದು, ಮಡಿಲಲ್ಲಿ ಮೆಂತೆಸೊಪ್ಪು ಇಟ್ಟುಕೊಂಡು ಸೋಸುತ್ತ ಕೂತಿದ್ದಳು.

"ಮುಂದ ಬರ್ರಿ ವೈನಿ, ಅಲ್ಲಿ ಜಾಗಾ ಹಿಡದೇನಿ."

"ಇಲ್ಲಿಂದನ ಛಲೋ ಕಾಣತೈತಿ ಬಿಡ. ಒಲಿ ಮ್ಯಾಲೆ ಬ್ಯಾಳಿ ಐತಿ."

ನಾನೂ ಒಂದು ಕುರ್ಚಿ ತಂದು ಗೇಟಿನೊಳಗೇ ಕೂತೆ. ನಾಟಕ ಶುರುವಾಯಿತು. ನಡುನಡುವೆ ಯಾರದೋ ಮನೆಯ ಕುಕ್ಕರು ಕೂಗುತ್ತಿತ್ತು. ಆದರೂ ಬಯಲು ತುಂಬಿತ್ತು. ನಿರ್ದೇಶಕರು ಮೂಲೆಯಿಂದ ನನ್ನತ್ತ ನೋಡಿ ಹುಬ್ಬು ಹಾರಿಸಿದರು. ಗೌಡ ತನ್ನ ಆಳನ್ನು ಗದರಿಸಲು ಬಾಯಿ ತೆರೆದ. ಅಷ್ಟರಲ್ಲಿ ವೈನಿ ನಕ್ಕಳು. ಒಂದು ಕ್ಷಣ ಮುಂಚೆ, ಮೊದಲಿನ ಹಾಗೆಯೇ. ರಂಗದ ಮೇಲಿನ ಗೌಡ ಕತ್ತು ಹೊರಳಿಸಿ ನಮ್ಮ ಗೇಟಿನ ಕಡೆ ನೋಡಿದರು. ಈ ಯೋಜನೆ ಗೆದ್ದಿತು ಎಂದುಕೊಂಡೆ.

ಆಗಲೇ ಮೂಲೆಮನೆಯಿಂದ ಒಂದು ಕೂಗು ಬಂತು.

"ನಳಾ ಬಂದಾವ್ರೀ!"

ನಮ್ಮ ಕಡೆ ನಳದಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಮಿಕ್ಕದ್ದೆಲ್ಲ ಆಮೇಲೆ. ನೋಡನೋಡುತ್ತಿದ್ದಂತೆ ಚಾಪೆಗಳು ಸುರುಳಿಯಾದವು, ಹೆಣ್ಣುಮಕ್ಕಳು ಸೀರೆ ಎತ್ತಿ ಸಿಗಿಸಿ ಓಡಿದರು. ರಂಗದ ಮೇಲೆ ನಾಯಕಿ ಕಣ್ಣೀರು ಹಾಕುತ್ತಿದ್ದವಳು ಹಾಗೇ ನಿಂತಳು. ಗೌಡ ಮಾತ್ರ ಮೀಸೆ ತೀಡಿ, "ಹೋಗ್ರಿ, ತುಂಬಿಸ್ಕೊಂಡು ಬರ್ರಿ. ನಾವೆಲ್ಲಿ ಓಡಿ ಹೊಕ್ಕೇವಿ!" ಎಂದರು. ಉಳಿದವರೆಲ್ಲ ನಕ್ಕರು. ಅರ್ಧಕ್ಕರ್ಧ ಮಂದಿ ಆಮೇಲೆ ಒದ್ದೆ ಸೆರಗಿನಲ್ಲೇ ವಾಪಸು ಬಂದರೆನ್ನಿ.

ನೀರು ತುಂಬಲು ಎದ್ದು ಹೋದ ವೈನಿ ಬರಲಿಲ್ಲ. ನಾನು ಆಕೆಯ ಹಿಂದೆ ಹಿತ್ತಲಿಗೆ ಹೋಗಿ ಕೊಡ ಹಿಡಿದೆ.

"ನಾಟಕ ಹೆಂಗಿತ್ರಿ?"

"ಛಲೋ ಇತ್ತು. ಆ ಗೌಡಗ ಇನ್ನೂ ವಯಸ್ಸಾಗಿಲ್ಲ ನೋಡ."

"ಹಂಗಾರ ಮುಂದಿನ ನಾಟಕಕ್ಕ ಧಾರವಾಡಕ್ಕ ಬರ್ರಿ."

"ಯಾಕ? ಮನಿ ಮುಂದ ನೀವ ಬಂದೀರೆಲ್ಲಾ."

ವೈನಿ ಪೈಪನ್ನು ಒಂದು ಕೊಡದಿಂದ ಇನ್ನೊಂದಕ್ಕೆ ಬದಲಿಸಿದಳು. ಕೊಡ ತುಂಬುತ್ತ ತುಂಬುತ್ತ ನೀರಿನ ಸದ್ದು ಸಣ್ಣದಾಯಿತು.

"ನಿಮ್ಮಣ್ಣ ಟಿಕೀಟು ತಂದು ಅಡಗಿಮನ್ಯಾಗ ಕ್ಯಾಲೆಂಡರಿನ ಮೊಳಿಗೆ ಸಿಗಸ್ತಿದ್ರು. ಅವತ್ತಿಂದನ ನನಗ ನಾಟಕ ಸುರು. ರೊಟ್ಟಿ ಬಡಿಯೂಮುಂದ ನೋಡಾಕಿ. ಯಾವ ಸೀರಿ ಉಡ್ಲಿ, ಇಸ್ತ್ರಿ ಆಗೈತೋ ಇಲ್ಲೋ, ಬಸ್ಸಿಗೆ ಹೋಗೂದೋ ಸ್ಕೂಟರಿಗೋ. ಇವತ್ತ ಏನಿತ್ತವಾ? ನೈಟಿ ಮ್ಯಾಲೆ ಕುಂತು ಪಲ್ಯಾ ಸೋಸಿದ್ನಿ. ನಾಟಕಾ ನೋಡಿದ್ದು ಖರೇ. ನಾಟಕಕ್ಕ ಹೋಗಲಿಲ್ಲ."

"ನಾ ಎಷ್ಟ ಸಲ ಕರದೇನ್ರಿ ವೈನಿ!"

"ಫೋನಿನ್ಯಾಗ. ಮದವಿಗೆ ಫೋನಿನ್ಯಾಗ ಕರದ್ರ ಹೊಕ್ಕೀ ಏನ ನೀನು? ಇವತ್ತರ ಮೈಕಿನ್ಯಾಗ ಕೂಗಿದ್ರು, ಎಲ್ಲಾರೂ ಬರ್ರೀ ಅಂತ. ಎಲ್ಲಾರೂ ಅಂದ್ರ ಯಾರು? ಅದರಾಗ ನಾ ಎಲ್ಲಿದ್ದೆ?" ಎಂದು ನಕ್ಕು ನನ್ನ ಮೇಲೆ ನೀರು ಸಿಡಿಸಿದಳು.

ಮುಂದಿನ ಸಭೆಯಲ್ಲಿ ನಿರ್ದೇಶಕರು ಖುಷಿಯಲ್ಲಿದ್ದರು. "ಎಷ್ಟ ಮಂದಿ ಬಂದಿದ್ರು ನೋಡಿದ್ರಿಲ್ಲೋ ಅಕ್ಕಾರ?"

"ಅವರು ಬಂದಿರಲಿಲ್ರಿ ಸರ್. ಅಲ್ಲೇ ಇದ್ರು. ಬಂದಾವರು ನಾವು."

ಅವರು ಚಹದ ಕಪ್ಪು ಕೆಳಗಿಟ್ಟರು. "ಹಂಗಾರ ನಿಲ್ಲಿಸಿಬಿಡೂದೇನು?"

ನಿಲ್ಲಿಸುವುದು ಬೇಡ ಎಂದೆ. ಬಹಳ ವರ್ಷಗಳ ಮೇಲೆ ನಾನು ಆ ನಗೆ ಕೇಳಿದ್ದು ಆ ಬಯಲಿನಲ್ಲೇ. ಆದರೆ ಬಯಲಿನ ನಾಟಕ ಮುಗಿದ ಮೇಲೆ ಮನೆಮನೆಗೆ ಹೋಗಿ ಕೂತು, ಇಂಥ ದಿನ ಎಂದು ಹೇಳಿ, ಟಿಕೀಟು ಕೈಯಲ್ಲಿಟ್ಟು ಕರೆಯಬೇಕು ಎಂದೆ.

"ನಾವೇನು ಮದವಿ ಮಾಡಾಕತ್ತೇವೇನ್ರಿ?" ಎಂದು ಒಬ್ಬರು ನಕ್ಕರು.

"ಕರಿಯೂದು ಹಂಗ ಕರೀಬೇಕ ಬಿಡ್ರಿ," ಎಂದವರು ಗೌಡರ ಪಾತ್ರದವರು. "ನಾ ಹೊಕ್ಕೇನಿ ಅಕ್ಕಾರ ಜೋಡಿ."

ಇಬ್ಬರೂ ಹೋದೆವು. ಅವರನ್ನು ಕಂಡ ಕೂಡಲೇ ಹುಡುಗಿಯರು "ಗೌಡ್ರು ಬಂದ್ರು" ಎಂದು ಒಳಗೆ ಓಡುತ್ತಿದ್ದರು. ಎಷ್ಟು ಚಹ ಕುಡಿದೆವೋ. ಒಬ್ಬ ಅಜ್ಜಿ ಕಟ್ಟೆಯ ಮೇಲಿಂದಲೇ ತಡೆದಳು. "ಅವತ್ತ ಪುಕ್ಕಟ ತೋರಿಸಿ ಇವತ್ತ ಟಿಕೀಟು ಹಿಡಸಾಕ ಬಂದಿ ಏನಪಾ ಗೌಡಾ?"

"ಅವತ್ತ ರುಚಿ ನೋಡಾಕ ಕೊಟ್ವಿ ಬೇ. ಇವತ್ತ ಊಟಕ್ಕ ಕರಿಯಾಕ ಬಂದೇವಿ."

"ಮತ್ತ ಬಡಸ್ತೀರಿಲ್ಲೋ ಹೊಟ್ಟಿ ತುಂಬ?" ಎಂದು ಅಜ್ಜಿ ಕೈ ಚಾಚಿದಳು. ಕೆಲವರು ಟಿಕೀಟು ತೆಗೆದುಕೊಂಡರು, ಕೆಲವರು ಬಾಗಿಲಲ್ಲೇ ಕೈ ಮುಗಿದು ಕಳಿಸಿದರು.

ವೈನಿಯ ಮನೆಗೆ ನಾನೊಬ್ಬಳೇ ಹೋದೆ. ಆಕೆ ಅಡಿಗೆಮನೆಯಲ್ಲಿದ್ದಳು. ಬುಧವಾರವಿರಬೇಕು. ಟಿಕೀಟು ಮುಂದೆ ಹಿಡಿದು, "ವೈನಿ, ರವಿವಾರ ಸಂಜಿಕೆ ನಾಟಕ ಐತ್ರಿ. ನೀವು ಬರಬೇಕು" ಎಂದೆ. ಮನೆಯವಳಿಗೇ ಹಾಗೆ ಹೇಳುವಾಗ ನನಗೆ ನಾಚಿಕೆಯಾಯಿತು. ವೈನಿ ನಗಲಿಲ್ಲ. ಹಿಟ್ಟಿನ ಕೈ ತೊಳೆದು, ಸೆರಗಿಗೆ ಒರೆಸಿ, ಎರಡೂ ಕೈಯಿಂದ ತೆಗೆದುಕೊಂಡಳು. ಕ್ಯಾಲೆಂಡರು ಹೊಸದು, ಮೊಳೆ ಹಳೆಯದೇ. ಅದಕ್ಕೆ ಸಿಗಿಸಿ, ಸೊಟ್ಟಾಯಿತೆಂದು ಮತ್ತೆ ನೇರ ಮಾಡಿದಳು.

ರವಿವಾರ ಮಂದಿರಕ್ಕೆ ಗೋಕುಲ ರಸ್ತೆಯ ಒಂದಿಷ್ಟು ಮುಖಗಳು ಬಂದವು. ಚಾಪೆಯ ಮೇಲೆ ಕೂತಿದ್ದ ಅದೇ ಹೆಣ್ಣುಮಕ್ಕಳು, ಆದರೆ ಗುರುತು ಹತ್ತದ ಹಾಗೆ. ಮಡಿಕೆ ಮುರಿಯದ ಸೀರೆ, ತಲೆಯಲ್ಲಿ ಹೂವು, ಕೈಯಲ್ಲಿ ಪರ್ಸು. ಅಜ್ಜಿಯೂ ಬಂದಿದ್ದಳು. ಮಂದಿರ ತುಂಬಿತು ಎನ್ನಲಾರೆ. ಹಿಂದಿನ ಸಾಲುಗಳು ಎಂದಿನ ಹಾಗೆ ಖಾಲಿ. ನನ್ನ ಪಕ್ಕದ ಕುರ್ಚಿಯ ಮೇಲೆ ಯಾರೂ ಕೂಡಬಾರದೆಂದು ನನ್ನ ಚೀಲ ಇಟ್ಟಿದ್ದೆ. ಮೊದಲ ಗಂಟೆಯಾಯಿತು, ಎರಡನೆಯದಾಯಿತು. ಮೂರನೆಯದೂ ಆಗಿ ಬಾಗಿಲು ಮುಚ್ಚಿತು. ಗೌಡ ಬಾಯಿ ತೆರೆದಾಗ ಎಲ್ಲರೂ ಒಟ್ಟಿಗೇ ನಕ್ಕರು. ಮುಂಚೆ ಯಾರೂ ನಗಲಿಲ್ಲ.

ಮರುದಿನ ಬೆಳಿಗ್ಗೆ ವೈನಿಯ ಫೋನು.

"ನಳಾ ಬಂದ್ವು. ಸೀರಿ ಉಟ್ಟು ಚಪ್ಪಲಿ ಮೆಟ್ಟಿದ್ನಿ, ಕೀಲಿ ಹಾಕೂದೊಂದ ಉಳದಿತ್ತು. ಮಗಾ ಡ್ಯೂಟಿ ಮ್ಯಾಲೆ, ಸೊಸಿ ತವರಿಗೆ ಹೋಗ್ಯಾಳ. ಟಾಕ್ಯಾಗ ಒಂದ ಹನಿ ಇರಲಿಲ್ಲ. ಸಿಟ್ಟ ಬಂತೇನು?"

"ಇಲ್ರಿ ವೈನಿ."

"ಆದ್ರ ಒಂದ ಮಾತು. ಈ ನಾಕ ದಿನಾ ಭಾಳ ಛಲೋ ಹೋದ್ವು. ಟಿಕೀಟು ಅಲ್ಲೇ ಐತಿ. ತಗೀಲಿಲ್ಲ."

ನಿನ್ನೆ ಮತ್ತೆ ಸಭೆ ಇತ್ತು. ಬಯಲಿನ ನಾಟಕ ಮುಂದುವರಿಯಲಿ, ಕರೆಯುವುದೂ ಮುಂದುವರಿಯಲಿ ಎಂದು ಎಲ್ಲರೂ ಒಪ್ಪಿದರು. ಮಂದಿರದ ಮುಂದಿನ ನಾಟಕಕ್ಕೆ ದಿನ ಇಡುವ ಹೊತ್ತಿಗೆ, ಒಂದು ನಿಮಿಷ ತಡೆಯಿರಿ ಎಂದು ನಾನು ವೈನಿಗೆ ಫೋನು ಹಚ್ಚಿದೆ.

"ವೈನಿ, ನಿಮ್ಮ ಕಡೆ ಮತ್ತ ನಳಾ ಯಾವತ್ತ ಬರ್ತಾವ್ರಿ?"

"ಯಾಕವಾ?"

"ನಾಟಕದ ದಿನಾ ಇಡಾಕತ್ತೇವ್ರಿ."

ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ತಡಿ. ನೀರು ಬಿಡಾವ ಇಲ್ಲೇ ಓಣ್ಯಾಗ ಅದಾನ, ಕೇಳಿ ಹೇಳ್ತೇನಿ. ಇಡಬ್ಯಾಡ ಫೋನು."

ಗೇಟು ತೆರೆದ ಸದ್ದು, ಆಮೇಲೆ ಓಣಿಯ ಆಚೆಯವರೆಗೆ ಕೇಳುವಂತೆ ಯಾರನ್ನೋ ಕರೆಯುವ ಆಕೆಯ ದನಿ. ನಾನು ಫೋನನ್ನು ಮೇಜಿನ ಮೇಲಿಟ್ಟೆ. ನಿರ್ದೇಶಕರು ಪೆನ್ನಿನ ಟೊಪ್ಪಿಗೆ ತೆಗೆದು ಹಿಡಿದಿದ್ದರು. ಗೌಡರು ಫೋನಿನತ್ತ ಬಗ್ಗಿ ಕಿವಿಗೊಟ್ಟಿದ್ದರು. ವೈನಿ ಮರಳಿ ಬರುವುದನ್ನೇ ಕಾಯುತ್ತ ಕೂತೆವು.