ಬೋರಲು ಹಾಕಿದ ತಟ್ಟೆ

ದೆವ್ವ, ಭೂತ ಎಂದರೆ ನಗುತ್ತಿದ್ದವನು ನಾನು. ಡಾಕ್ಟರಿಕೆ ಓದಿದವನಿಗೆ ಅಷ್ಟು ಜಂಭ ಇದ್ದೇ ಇರುತ್ತದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಯುದ್ಧದ ಕಾಲ. ಶ್ರೀನಿವಾಸಪುರದ ಕಡೆ ಆರು ಮಂಚದ ಒಂದು ಆಸ್ಪತ್ರೆ. ಡಾಕ್ಟರು ನಾನೊಬ್ಬನೇ, ನರ್ಸು ರಾಹೇಲಮ್ಮ ಒಬ್ಬರೇ. ಹಗಲೆಲ್ಲ ರೋಗಿಯ ಹತ್ತಿರ ಇರುವವರು ಆಕೆ, ಕಾಯಿಲೆಯ ಹೆಸರು ಬರೆಯುವವನು ನಾನು. ಆಕೆ ಜ್ವರದ ಪಟ್ಟಿ ತುಂಬಬೇಕು, ಬಾಯಿ ಬಿಡಬಾರದು. ಅದಕ್ಕೆ ಆಕೆಯೇ ಒಂದು ದಾರಿ ಕಂಡುಕೊಂಡಿದ್ದರು. ಟೈಫಾಯ್ಡ್ ಎಂಬ ಅನುಮಾನ ಬಂದರೆ ಆ ರೋಗಿಯ ತಟ್ಟೆಯನ್ನು ಬೋರಲು ಹಾಕಿ, ಮೇಲೆ ನೀರಿನ ಲೋಟ ಇಡುತ್ತಿದ್ದರು. ಗಟ್ಟಿ ಊಟ ಬೇಡವೆಂದು ಅರ್ಥ. ಆ ಜ್ವರದಲ್ಲಿ ಕರುಳು ಹುಣ್ಣಾಗಿರುತ್ತದೆ, ತೂತು ಬಿದ್ದರೆ ಜೀವ ಉಳಿಯುವುದಿಲ್ಲ.

ಇದೇನು ತಟ್ಟೆಯ ಆಟ ಎಂದು ಒಮ್ಮೆ ನಾನು ಸಿಡುಕಿದೆ.

"ಕಾಯ್ಲೆ ಹೆಸ್ರು ನಾನು ಹೇಳಂಗಿಲ್ಲ ಸ್ವಾಮಿ. ತಟ್ಟೆ ತೊಳ್ದು ಇಡಬೋದಲ್ಲ" ಎಂದರು.

ಮಲೇರಿಯಾ ಎಂದು ಬರೆದಿದ್ದನ್ನು ಆ ತಟ್ಟೆ ನೋಡಿ ಎಷ್ಟೋ ಸಲ ಸದ್ದಿಲ್ಲದೆ ಹೊಡೆದುಹಾಕಿದ್ದೇನೆ. ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ.

ರಾಹೇಲಮ್ಮ ಪ್ಲೇಗಿನಲ್ಲಿ ತೀರಿಕೊಂಡರು. ಮೂರು ತಿಂಗಳಿಗೆ ನನ್ನ ಹೆಂಡತಿ ಜಾನಕಿ ಜ್ವರ ಹಿಡಿದು ಮಲಗಿದಳು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಆಸ್ಪತ್ರೆಗೇ ತಂದೆ. ಬೇರೆ ನರ್ಸು ಇನ್ನೂ ಬಂದಿರಲಿಲ್ಲ. ಮಲೇರಿಯಾ ಎಂದು ಬರೆದು ಕ್ವಿನೈನ್ ಕೊಡುತ್ತಾ ಹೋದೆ. ಎರಡು ವಾರ ಕಳೆದು ಒಂದು ಬೆಳಿಗ್ಗೆ ಜ್ವರ ಸ್ವಲ್ಪ ಇಳಿಯಿತು.

"ಹಸಿವು ತಡೆಯಕ್ಕಾಗಲ್ಲ ಕಣ್ರೀ, ಒಂದ್ ಚೂರು ಮುದ್ದೆ ಹಾಕ್ಸಿ" ಎಂದಳು. ಆಗಲಿ ಎಂದೆ.

ಮಧ್ಯಾಹ್ನ ನೋಡಿದರೆ ಅವಳ ತಟ್ಟೆ ಬೋರಲು ಬಿದ್ದಿತ್ತು, ಮೇಲೆ ನೀರು ತುಂಬಿದ ಲೋಟ. ಆಯಾ ಜುಬೇದಾಬಿಯ ಮೇಲೆ ರೇಗಿ, ತಟ್ಟೆ ನೆಟ್ಟಗೆ ಇಟ್ಟು, ಊಟ ತರಲು ಅವಳನ್ನೂ ಕರೆದುಕೊಂಡೇ ಅಡಿಗೆಮನೆಗೆ ಹೋದೆ. ವಾರ್ಡಿನಲ್ಲಿ ಬೇರೆ ರೋಗಿಗಳಿರಲಿಲ್ಲ. ಬರುವಷ್ಟರಲ್ಲಿ ಜಾನಕಿ ನಿದ್ದೆ ಹೋಗಿದ್ದಳು. ತಟ್ಟೆ ಮತ್ತೆ ಬೋರಲಾಗಿತ್ತು, ಲೋಟ ಅದರ ಮೇಲಿತ್ತು.

"ಇದು ಆ ಅಮ್ಮನ ಕೆಲ್ಸ ಸಾಮಿ. ಊಟ ಬ್ಯಾಡ" ಎಂದು ಜುಬೇದಾಬಿ ಅಳತೊಡಗಿದಳು.

ನನಗೆ ನಾಚಿಕೆಯಾಯಿತು. ಸತ್ತ ನರ್ಸಿನ ಮಾತು ಕೇಳಿ ಚಿಕಿತ್ಸೆ ಬದಲಿಸುವವನು ಎಂಥ ಡಾಕ್ಟರು? ಜಾನಕಿಯನ್ನು ಎಬ್ಬಿಸಿ, ನಾನೇ ತಟ್ಟೆ ತಿರುಗಿಸಿ, ನಾನೇ ಮುದ್ದೆ ಮುರಿದು ತಿನ್ನಿಸಿದೆ. ಅವಳು ಆಸೆಯಿಂದ ತಿಂದಳು.

ಮಾರನೆಯ ದಿನ ಅವಳ ಹೊಟ್ಟೆ ಹಲಗೆಯಂತೆ ಬಿಗಿಯಿತು. ಅದರ ಮಾರನೆಯ ದಿನ ಹೋದಳು. ನನಗೆ ಅಳು ಬರಲಿಲ್ಲ. ರಿಜಿಸ್ಟರಿನಲ್ಲಿ ಮಲೇರಿಯಾ ಹೊಡೆದು ಟೈಫಾಯ್ಡ್ ಎಂದು ಬರೆದೆ. ಅಂದು ಮರಗಟ್ಟಿದ ಮನಸ್ಸು ಇಂದಿಗೂ ಹಾಗೆಯೇ ಇದೆ.

ತಟ್ಟೆ ತಿರುಗಿಸಿದ್ದು ಯಾರು? ಜುಬೇದಾಬಿ ನನ್ನ ಜೊತೆಯಲ್ಲೇ ಇದ್ದಳು. ಜಾನಕಿಗೆ ಎದ್ದು ಕೂರುವ ಶಕ್ತಿ ಇರಲಿಲ್ಲ. ಎಷ್ಟು ಯೋಚಿಸಿದರೂ ನನಗೆ ತಿಳಿದಿಲ್ಲ. ಯಾರೇ ಆಗಲಿ, ಕಾಯಿಲೆ ಏನೆಂದು ಅವರಿಗೆ ಗೊತ್ತಿತ್ತು.

ಈಗಲೂ ಮನೆಯಲ್ಲಿ ತೊಳೆದ ತಟ್ಟೆ ಬೋರಲು ಹಾಕಿದ್ದರೆ ನಾನಾಗಿ ಎತ್ತುವುದಿಲ್ಲ. ಬೇರೆಯವರು ಎತ್ತಿ ಬಡಿಸುವ ತನಕ ಕೂತಿರುತ್ತೇನೆ.