ಡಿವಿಡಿಯಲ್ಲಿ ಹಿಡಿಸದ ಮದುವೆ

ಮನೆಯಲ್ಲಿ ಯಾರೂ ನನ್ನ ಮುಖಕ್ಕೆ ಹೇಳಲು ಧೈರ್ಯ ಮಾಡದ ಮಾತೊಂದನ್ನು ನನ್ನ ಕಂಪ್ಯೂಟರು ಕೆಂಪಕ್ಷರದಲ್ಲಿ ಹೇಳಿಬಿಟ್ಟಿತು: ನಿಮ್ಮದು ಅತಿಯಾಯಿತು, ಇಷ್ಟರಲ್ಲಿ ಹಿಡಿಸುವುದಿಲ್ಲ. ನಾನು ಉಮರ್ಗಾದಲ್ಲಿ ಬಟ್ಟೆ ಅಂಗಡಿ ಇಟ್ಟವನು. ಇದ್ದಷ್ಟೇ ಅರಿವೆಯಲ್ಲಿ ಎಂಥ ಹೊಟ್ಟೆಗೂ ಅಂಗಿ ಆಗುತ್ತದೆಂದು ಗಿರಾಕಿಯನ್ನು ಒಪ್ಪಿಸಿ ಕಳಿಸುವ ಬಾಯಿ ನನ್ನದು. ಕಂಪ್ಯೂಟರಿನ ಮುಂದೆ ಆ ಬಾಯಿ ನಡೆಯಲಿಲ್ಲ. ಮಗಳ ಮದುವೆಯ ವಿಡಿಯೊ ಒಂದು ಡಿವಿಡಿಯಲ್ಲಿ ಹಿಡಿಸಲಿಲ್ಲ, ಅಷ್ಟೇ ಸಮಾಚಾರ.

ಈ ಕಾಲದಲ್ಲಿ ಡಿವಿಡಿ ಯಾರಿಗಪ್ಪಾ ಬೇಕು ಎಂದು ನೀವು ಕೇಳುತ್ತೀರಿ. ಉದಗೀರದ ನನ್ನ ಅಕ್ಕನಿಗೆ ಬೇಕು. ಮಗಳು ಸುವರ್ಣಾ ಕಾಲೇಜು ಕಲಿತದ್ದು ಅಕ್ಕನ ಮನೆಯಲ್ಲೇ, ಅವಳ ಕೈಯ ರೊಟ್ಟಿ ತಿಂದು, ಅವಳ ಕೈಯಲ್ಲೇ ಜಡೆ ಹಾಕಿಸಿಕೊಂಡು. ಅಂಥ ಅಕ್ಕ, ಮದುವೆ ಇನ್ನೇನು ಬಂತು ಎನ್ನುವಾಗ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದಳು. ಭಾವ ಒಬ್ಬರೇ ಬಂದು ಹೋದರು. ಅಕ್ಕನಿಲ್ಲದ ಮಂಟಪದಲ್ಲಿ ನಾನು ಅತ್ತುಬಿಟ್ಟೆ. ಮಗಳನ್ನು ಕಳಿಸುವ ಅಳು ಎಂದು ಜನ ತಿಳಿದುಕೊಂಡರು. ಈಗ ಕೋಲು ಹಿಡಿದು ಓಡಾಡುವಷ್ಟಾದ ಅಕ್ಕನ ಆಸೆ ಒಂದೇ: ಆ ಮದುವೆಯನ್ನು ಕಣ್ತುಂಬ ನೋಡಬೇಕು, ಅದೂ ತನ್ನ ದೊಡ್ಡ ಟಿವಿಯಲ್ಲಿ, ತನ್ನ ಹಳೆಯ ಪ್ಲೇಯರಿನಲ್ಲಿ.

“ಮೊಬೈಲದಾಗ ಬ್ಯಾಡ ತಮ್ಮಾ, ಮಂದಿ ಇರುವಿ ಕಂಡಂಗ ಕಾಣ್ತಾರ” ಎಂದಳು ಫೋನಿನಲ್ಲಿ.

ಎರಡು ಡಿವಿಡಿ ಮಾಡಲೇ ಎಂದೆ. “ಅಕ್ಷತಿ ಒಂದ್ರಾಗ, ತಾಳಿ ಒಂದ್ರಾಗ? ಮದುವಿ ನಡುವ ಮುರೀತಾರೇನೋ? ಐತಾರ ಓಣಿ ಹೆಣ್ಮಕ್ಕಳಿಗೆಲ್ಲಾ ಬರ್ಲಕ್ಕ ಹೇಳೀನಿ, ನೋಡು ಮತ್ತ!”

ಸರಿ, ದುರಸ್ತಿ ಶುರುವಾಯಿತು. ತಂತ್ರಾಂಶದಲ್ಲಿ ‘ಹೇಗಾದರೂ ಮಾಡಿ ಹಿಡಿಸು’ ಎನ್ನುವಂಥ ಒಂದು ಗುಂಡಿ ಇದೆ. ಒತ್ತಿದೆ. ಇಡೀ ಮದುವೆ ಡಿವಿಡಿಯೊಳಗೆ ಹೋಗಿ ಕುಳಿತಿತು. ಆದರೆ ಎಲ್ಲರ ಮುಖಕ್ಕೂ ಜೋಳದ ಹಿಟ್ಟು ಮೆತ್ತಿದಂತಾಗಿತ್ತು. ನನ್ನ ಹೆಂಡತಿ ಗುಂಜೋಟಿಯವಳು. ಬಗ್ಗಿ ನೋಡಿ, “ಇಂವಾ ಯಾಂವರೀ, ಹಿಂಗ ಕಾಣ್ತಾನ?” ಎಂದಳು. ನಿನ್ನ ಅಣ್ಣ ಎಂದೆ. ಆಮೇಲೆ ಆ ಗುಂಡಿಯ ತಂಟೆಗೆ ನಾನು ಹೋಗಲಿಲ್ಲ. ಎಲ್ಲರಿಗೂ ಜಾಗ ಮಾಡಿಕೊಡಲು ಹೊರಟರೆ ಯಾರ ಮುಖವೂ ಉಳಿಯುವುದಿಲ್ಲ. ನಮ್ಮ ಕಡೆಯ ಸಭೆಗಳ ವೇದಿಕೆ ಕಂಡವರಿಗೆ ಇದು ಹೊಸ ವಿಷಯವಲ್ಲ.

ಬೊಜ್ಜು ಎಲ್ಲೆಲ್ಲಿದೆ ಎಂದು ಹುಡುಕಿದೆ. ಧ್ವನಿ ಕಿಂಚಿತ್ತೂ ಕುಗ್ಗದೆ ಪೂರ್ತಿ ಗಾತ್ರದಲ್ಲಿ ಕುಳಿತಿತ್ತು. ಅದನ್ನು ಅದುಮಿದೆ, ಶಹನಾಯಿಗೆ ಏನೂ ನೋವಾಗಲಿಲ್ಲ. ಇನ್ನು ಡಿವಿಡಿ ಹಾಕಿದ ಕೂಡಲೇ ಯಾವ ಭಾಗ ನೋಡುತ್ತೀರಿ ಎಂದು ಕೇಳುವ ಮೆನು. ಅಲ್ಲಿ ತಲೆಗೆ ಫೇಟಾ ಸುತ್ತಿದ ಒಬ್ಬ ಗೃಹಸ್ಥ ವಾದ್ಯದ ತಾಳಕ್ಕೆ ಗಿರಗಿರ ತಿರುಗುತ್ತಾ ಸಿಕ್ಕಾಪಟ್ಟೆ ಜಾಗ ತಿನ್ನುತ್ತಿದ್ದ. ಆ ಗೃಹಸ್ಥ ನಾನೇ. ಬಹಳ ಪ್ರೀತಿಯಿಂದ ಮಾಡಿಕೊಂಡಿದ್ದೆ.

“ಗಾಡಿ ತುಂಬೇದಂದ್ರ ಮೊದಲ ನೀವ ಇಳೀರಿ” ಎಂದಳು ಹೆಂಡತಿ.

ಇಳಿದೆ. ಆದರೂ ಹಿಡಿಸಲಿಲ್ಲ.

ಡಿವಿಡಿಯ ಅಳತೆ ಗೊತ್ತುಮಾಡಿದ ಪಂಡಿತರ ಬಗ್ಗೆ ನಾನು ಕೂತು ಯೋಚಿಸಿದ್ದೇನೆ. ದೊಡ್ಡ ಜನ, ಅನುಮಾನವಿಲ್ಲ. ಆದರೆ ಅವರಲ್ಲಿ ಒಬ್ಬನೂ ನಮ್ಮ ಕಡೆ ಮದುವೆಯೂಟ ಉಂಡವನಲ್ಲ. ನಮ್ಮಲ್ಲಿ ಮದುವೆ ಎನ್ನುವುದು ಬೇಗ ಮುಗಿಯುತ್ತದೆ. ತಾಳಿ ಕಟ್ಟಿದರು, ಅಕ್ಷತೆ ಬಿತ್ತು, ಆಯಿತು. ಮುಗಿಯದೇ ಇರುವುದು ಸತ್ಕಾರ. ಮೈಕಿನಲ್ಲಿ ಒಬ್ಬೊಬ್ಬರ ಹೆಸರು ಕೂಗಿ ಗಂಡಸರಿಗೆ ಟೋಪಿ, ಟವೆಲು, ತೆಂಗಿನಕಾಯಿ ಕೊಡಬೇಕು. ಅತ್ತ ಹೆಂಗಸರ ಸೆರಗಿಗೆ ಅಕ್ಕಿ, ಕುಪ್ಪಸದ ಖಣ, ಕಾಯಿ ಹಾಕಿ ಉಡಿ ತುಂಬಬೇಕು. ಔರಾದ ಶಹಾಜನಿಯ ಸೋದರಮಾವನಂತೂ ಕ್ಯಾಮೆರಾ ಬೇರೆ ಕಡೆ ತಿರುಗಿತ್ತೆಂದು ಟೋಪಿ ತೆಗೆದುಕೊಟ್ಟು ಇನ್ನೊಮ್ಮೆ ಹಾಕಿಸಿಕೊಂಡಿದ್ದ. ಇವರಲ್ಲಿ ಒಬ್ಬರನ್ನು ಬಿಟ್ಟರೂ ಬಂಧು ಬಳಗದಲ್ಲಿ ಯುದ್ಧ. ಎಲ್ಲರನ್ನೂ ಬಿಟ್ಟರೆ ಯಾರೂ ತಕರಾರು ಮಾಡುವಂತಿಲ್ಲ! ಕಣ್ಣೆತ್ತಿಯೂ ನೋಡದೆ ಸತ್ಕಾರವನ್ನು ಇಡಿಯಾಗಿ ಕತ್ತರಿಸಿದೆ. ಕೆಂಪಕ್ಷರ ಮಾಯವಾಯಿತು.

ಭಾನುವಾರ ಉದಗೀರದಲ್ಲಿ ಓಣಿಯ ಹೆಂಗಸರೆಲ್ಲ ಅಕ್ಕನ ಸುತ್ತ ನೆರೆದರು. ಮಂಡಿಯ ಅಡತ ವ್ಯಾಪಾರದಲ್ಲಿ ಕೂಗಿ ಕೂಗಿ ಗಂಟಲು ಗಟ್ಟಿಯಾದ ಭಾವ ಯಾಕೋ ಬಾಗಿಲ ಪಕ್ಕ ತೆಪ್ಪಗೆ ಕೂತಿದ್ದರು. ತಾಳಿಯ ಹೊತ್ತಿಗೆ ಅಕ್ಕ ಮುಷ್ಟಿಯಲ್ಲಿಟ್ಟುಕೊಂಡಿದ್ದ ಅಕ್ಷತೆಯನ್ನು ಟಿವಿಯ ಮೇಲೆ ಹಾಕಿ ಕಣ್ಣೊರೆಸಿಕೊಂಡಳು. ನನ್ನ ಜೀವ ಹಗುರಾಯಿತು. ಚಿತ್ರ ಮುಗಿದ ಮೇಲೆ ಅವಳು ನಿಧಾನವಾಗಿ ಗಂಡನ ಕಡೆ ತಿರುಗಿದಳು.

“ನೀವು ಎಲ್ಯೂ ಕಾಣ್ಲೇ ಇಲ್ಲಲ್ಲ? ಖರೇ ಹೇಳ್ರಿ, ಮದುವಿಗಿ ಹೋಗಿದ್ರೋ, ಧಾಬಾದಾಗ ಉಂಡು ಹೊಳ್ಳಿ ಬಂದ್ರೋ?”

“ಇದ್ದೆ. ಹಿಂದ ಇದ್ದೆ” ಎಂದರು ಭಾವ. ಹೆಂಗಸರು ಕಿಸಕ್ಕೆಂದರು. ಅಕ್ಕ ನಗಲಿಲ್ಲ. ತನ್ನ ಬದಲಿಗೆಂದು ಕಳಿಸಿದ ಮನುಷ್ಯ ಅಲ್ಲಿ ಇರಲೇ ಇಲ್ಲವೆಂದರೆ ಯಾರು ತಾನೇ ನಗುತ್ತಾರೆ? ನನಗೆ ಕೆಡುಕೆನಿಸಿತು. ಮದುವೆಯ ದಿನ ಸತ್ಕಾರ ಮುಗಿಯುವ ಮೊದಲೇ ನಾನು ಊಟದ ಪಂಕ್ತಿ ನೋಡಿಕೊಳ್ಳಲು ಹೋಗಿದ್ದೆ. ಭಾವ ಸತ್ಕಾರದಲ್ಲಿ ಇದ್ದೇ ಇರುತ್ತಾರೆ, ಅದನ್ನು ಬೇರೆ ಡಿವಿಡಿಯಲ್ಲಿ ತರುತ್ತೇನೆ ಎಂದೆ. ಅಕ್ಕ ಒಪ್ಪಿದಳು. ಭಾವ ಮಾತ್ರ ಅಂಗಳದ ತನಕ ನನ್ನ ಬೆನ್ನು ಹತ್ತಿ ಬಂದರು.

“ಬ್ಯಾಡೋ ಬಸಣ್ಣ. ಹಿಡಿಸಲಿಲ್ಲಂದ್ರ ಹಿಡಿಸಲಿಲ್ಲ. ಬಿಟ್ಟುಬಿಡು.”

ಬಿಡುವ ಜಾತಿಯವನೇ ನಾನು? ಮುಂದಿನ ಐತಾರ ಅದೇ ಓಣಿ, ಅದೇ ಹೆಂಗಸರು. ಟೋಪಿಗಳ ಮೆರವಣಿಗೆ ಸಾಗಿ ಸಾಗಿ ಕೊನೆಗೆ ಭಾವನ ಹೆಸರು ಕೂಗಿದರು. ಬಂದರು, ಟೋಪಿ ಹಾಕಿಸಿಕೊಂಡರು, ಟವೆಲು ಕಾಯಿ ತೆಗೆದುಕೊಂಡರು. ಆದರೆ ಕೆಳಗೆ ಇಳಿಯಲಿಲ್ಲ. ನೆಟ್ಟಗೆ ಹೆಂಗಸರ ಕಡೆ ನಡೆದು, ಉಡಿ ತುಂಬುತ್ತಿದ್ದ ನಿಲಂಗಾದ ಬೀಗತಿಯ ಮುಂದೆ ನಿಂತು, ಆ ಹೊಸ ಟವೆಲನ್ನು ಎರಡೂ ಕೈಯಲ್ಲಿ ಸೆರಗಿನಂತೆ ಒಡ್ಡಿದರು. ಗಂಟಲು ಗಟ್ಟಿ, ಮೈಕು ಬೇರೆ ಹತ್ತಿರವಿತ್ತು.

“ನಮ್ಮಾಕಿ ಹಾಸಿಗಿ ಹಿಡಿದಾಳ್ರೀ. ಆಕಿ ಉಡಿ ಇದರಾಗ ತುಂಬ್ರಿ.”

ಮಂಟಪವೆಲ್ಲ ಹೋ ಎಂದು ನಕ್ಕಿತು. ಬೀಗತಿ ಗಲಿಬಿಲಿಗೊಂಡು, ರೂಢಿಯ ಮೇಲೆ ಭಾವನ ಹಣೆಗೂ ಕುಂಕುಮ ಹಚ್ಚಿ, ಅಕ್ಕಿ, ಖಣ, ಕಾಯಿ ಹಾಕಿದಳು. ಭಾವ ಒಂದು ಕಾಳೂ ಚೆಲ್ಲದಂತೆ ಗಂಟು ಕಟ್ಟಿಕೊಂಡು ಇಳಿದರು.

ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅಕ್ಕನ ಕಣ್ಣಲ್ಲಿ ನೀರಿತ್ತು. “ಬೀಗರು ಕಳಿಸ್ಯಾರ ಅಂತ ಹೇಳಿ ನನಗ ಕೊಟ್ರಲ್ಲಾ, ಆ ಖಣ ಇದೇನ್ರಿ?” ಎಂದಳು.

ಭಾವ ಗೋಡೆ ನೋಡುತ್ತಾ, “ಸಾಕು. ಮುಂದ ಓಡ್ಸು” ಎಂದು ಗದರಿದರು.

“ಮುಂದ ಏನದ ನೋಡ್ಲಕ್ಕ?” ಎಂದು ಅಕ್ಕ ರಿಮೋಟು ಒತ್ತಿ ಚಿತ್ರವನ್ನು ಹಿಂದಕ್ಕೆ ಎಳೆದಳು. ಭಾವ ಮತ್ತೊಮ್ಮೆ ಟವೆಲು ಒಡ್ಡಿ ನಿಂತರು.